ಅಶ್ವವಿನಯ: ಎಡೆದೊರೆ ನಾಡಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಬಯಲಿಗೆ ಎಡೆದೊರೆ ನಾಡೆಂಬುದು ಪ್ರಾಚೀನ ಹೆಸರು. ಇಂದಿನ ರಾಯಚೂರು, ದೇವದುರ್ಗ, ಮಾನ್ವಿ, ಸಿರವಾರಗಳು ಈ ಬಯಲಿನಲ್ಲಿವೆ. ಈ ನೆಲದ ಒಡೆತನಕ್ಕಾಗಿ ವಿಜಯನಗರದ ಅರಸರೊಡನೆ ಮೊದಲು ಬಹಮನಿ ಸುಲ್ತಾನರು, ಅನಂತರ ಬಿಜಾಪುರದ ಆದಿಲಶಾಹಿಗಳು ಹಲವು ಬಾರಿ ಕಾದಿದರು. ೧೫೨೦ರ ರಾಯಚೂರು ಕಾಳಗವು ಇವುಗಳಲ್ಲಿ ಸುಪ್ರಸಿದ್ಧವಾದುದು. ಈ ಯುದ್ಧಗಳ ವೃತ್ತಾಂತಗಳಲ್ಲಿ ಕುದುರೆಗಳ ಸಂಖ್ಯೆ ದೊರೆಯುತ್ತದೆ. ರಾವುತರ ಪರಾಕ್ರಮವೂ ವರ್ಣಿತವಾಗಿದೆ. ಆದರೆ ರಾವುತನು ಬೆನ್ನೇರುವುದಕ್ಕೆ ಮೊದಲು ಕುದುರೆಯನ್ನು ನೆಲದ ಮೇಲೆ ನಿಂತು ಪಳಗಿಸಿದವರು ಯಾರು, ಆ ವಿದ್ಯೆಯ ಸ್ವರೂಪವೇನು ಎಂಬ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿಯೇ ಉತ್ತರವನ್ನು ಅರಸಬೇಕಾಗುತ್ತದೆ.

ಆ ವಿದ್ಯೆಯ ಅಗತ್ಯ ಎಷ್ಟಿತ್ತೆಂಬುದನ್ನು ಪೋರ್ಚುಗೀಸ್ ಲೇಖಕ ನೂನಿಜನ ಬರಹದಿಂದ ಊಹಿಸಬಹುದು. ವಿಜಯನಗರದ ಅರಸನು ಹೋರ್ಮುಜ್‌ನ ಕುದುರೆಗಳನ್ನೂ ನಾಡ ತಳಿಗಳನ್ನೂ ಸೇರಿಸಿ ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅವನು ಹೇಳುತ್ತಾನೆ. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಬೆಲೆ ತೆರುತ್ತಿದ್ದನೆಂಬ ಸಂಗತಿಯೂ ಅಲ್ಲಿಯೇ ಬಂದಿದೆ. ಸಮುದ್ರವನ್ನು ದಾಟಿ ಬಂದ ಪ್ರಾಣಿಗೆ ಇಲ್ಲಿಯ ಮಾತು, ಮೇವು, ಮನುಷ್ಯರ ಕೈ ಎಲ್ಲವೂ ಹೊಸವು. ಅಷ್ಟು ಬೆಲೆ ತೆತ್ತು ತಂದ ಕುದುರೆಯು ಪಳಗದಿದ್ದರೆ ಬೊಕ್ಕಸಕ್ಕೂ ಸೈನಿಕನ ಪ್ರಾಣಕ್ಕೂ ಹಾನಿ ತಪ್ಪದು.

ಈ ಸತ್ಯವನ್ನು ಬಹು ಹಿಂದೆಯೇ ಮನಗಂಡವನು ಸೋಮದೇವ ಸೂರಿ. ವೇಮುಲವಾಡದ ಚಾಳುಕ್ಯರ ಆಶ್ರಯದಲ್ಲಿ ೯೫೯ರಲ್ಲಿ ಯಶಸ್ತಿಲಕವನ್ನು ಪೂರೈಸಿದ ಈ ಜೈನಾಚಾರ್ಯನು ತನ್ನ ನೀತಿವಾಕ್ಯಾಮೃತದಲ್ಲಿ ಅಶ್ವಬಲವನ್ನು ಸೈನ್ಯದ ಚಲಿಸುವ ಕೋಟೆಯೆಂದು ಬಣ್ಣಿಸಿದ್ದಾನೆ. ಶಿಕ್ಷಣವಿಲ್ಲದ ಆನೆಗಳು ಧನವನ್ನೂ ಪ್ರಾಣವನ್ನೂ ಕಳೆಯುವುದಕ್ಕೆ ಮಾತ್ರ ಸಾಧನಗಳೆಂಬ ಅವನ ಅಭಿಪ್ರಾಯವು ಕುದುರೆಗೂ ಅನ್ವಯಿಸುವಂಥದು. ಅಮರಕೋಶವು ಚೆನ್ನಾಗಿ ಸವಾರಿ ಕೊಡುವ ಕುದುರೆಯನ್ನು 'ವಿನೀತ' ಎಂದು ಕರೆದಿರುವುದು ಗಮನಾರ್ಹ. ಗುರುವಿನ ಬಳಿ ಕಲಿತ ಶಿಷ್ಯನಿಗೂ ಲಾಯದಲ್ಲಿ ಕಲಿತ ಕುದುರೆಗೂ ಒಂದೇ ವಿಶೇಷಣ. ಶಿವಾರ್ಯನ ಭಗವತೀ ಆರಾಧನೆಯಲ್ಲಿ ಇಂದ್ರಿಯಗಳನ್ನು ದಾರಿ ತಪ್ಪುವ ಕುದುರೆಗಳಿಗೂ ದಮ ಮತ್ತು ಜ್ಞಾನಗಳನ್ನು ಕಡಿವಾಣಕ್ಕೂ ಹೋಲಿಸಿರುವುದು ಇದೇ ಭಾವನೆಯ ಇನ್ನೊಂದು ಮುಖ. ಕಡಿವಾಣದ ಉದ್ದೇಶ ಕುದುರೆಯನ್ನು ದಾರಿಗೆ ತರುವುದೇ ಹೊರತು ಅದರ ಬಲವನ್ನು ಕುಂದಿಸುವುದಲ್ಲ.

ನೆಲದ ಮೇಲಿನ ಆರೈಕೆಯ ಅತ್ಯಂತ ಸ್ಪಷ್ಟವಾದ ಚಿತ್ರ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಪ್ರತಿಯೊಂದನ್ನು ಆಧರಿಸಿ ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಅಶ್ವಾಧ್ಯಕ್ಷ ಪ್ರಕರಣವು ಲಾಯದ ನಡುವೆ ಕುದುರೆ ಹೊರಳಾಡಲು ಸ್ಥಳವಿರಬೇಕೆಂದೂ ನೆಲಕ್ಕೆ ನುಣುಪಾದ ಹಲಗೆ ಹಾಸಿರಬೇಕೆಂದೂ ವಿಧಿಸುತ್ತದೆ. ಹಗ್ಗ ಹಿಡಿಯುವವ, ಕಟ್ಟುವವ, ಹುಲ್ಲು ಹಾಕುವವ, ಆಹಾರ ಬೇಯಿಸುವವ, ಲಾಯ ಕಾಯುವವ, ಕೂದಲು ಕತ್ತರಿಸುವವ, ವಿಷವೈದ್ಯ ಇವರೆಲ್ಲರೂ ತಮ್ಮ ತಮ್ಮ ಕೆಲಸದಿಂದ ಕುದುರೆಯನ್ನು ಸೇವಿಸಬೇಕು. ತಪ್ಪಿದರೆ ಆ ದಿನದ ಕೂಲಿ ಕಡಿತ. ಸವಾರಿಯ ನಡೆಗಳನ್ನು ಎಣಿಸುವಾಗ ಐದನೆಯದಾಗಿ ಹೇಳಿರುವ 'ನಾರೋಷ್ಟ್ರ'ವು ಸಂಜ್ಞೆಯನ್ನು ಅರಿತು ನಡೆಯುವುದು. ಸಂಜ್ಞೆಯೊಂದಕ್ಕೇ ಓಗೊಡುವ ಗುಣವು ಕೇವಲ ಹೊಡೆತದಿಂದ ಬರತಕ್ಕದ್ದಲ್ಲ. ಪ್ರತಿದಿನವೂ ಅದೇ ಕೈ, ಅದೇ ದನಿ ಬಳಿಯಿದ್ದಾಗ ಮಾತ್ರ ಅದು ನೆಲೆಗೊಳ್ಳುತ್ತದೆ.

ಕರ್ನಾಟಕದ ಮಟ್ಟಿಗೆ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸು. ೧೧೨೯) ಪ್ರಮುಖ ಆಕರ. ಅದರ ವಾಜಿವಾಹ್ಯಾಳಿ ವಿನೋದದಲ್ಲಿ ಶಿಕ್ಷಿತ ಅಶ್ವಗಳ ಪ್ರದರ್ಶನ ಮತ್ತು ಸವಾರರ ಚೆಂಡಾಟ ವರ್ಣಿತವಾಗಿವೆ. ಅಲ್ಲಿ ಕಾಣುವುದು ಶಿಕ್ಷಣದ ಫಲ. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯ (ಸು. ೧೪೦೦), ಮೈಸೂರಿನ ಚಾಮರಾಜ ಒಡೆಯರ (೧೬೧೭–೧೬೩೭) ಕಾಲದ ಪದ್ಮಣಪಂಡಿತನ ಹಯಸಾರಸಮುಚ್ಚಯ ಮೊದಲಾದ ಕೃತಿಗಳು ಹುಟ್ಟಿದವು. ಔಷಧಿಯ ಪ್ರಮಾಣ ಮರೆತರೆ ಪ್ರಾಣಿ ಸಾಯುತ್ತದೆ. ಆದ್ದರಿಂದ ವೈದ್ಯವು ಓಲೆಗೇರಿತು. ಪಳಗಿಸುವ ಹದ ಮಾತ್ರ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ಸಾಗಿತು. ವೈದ್ಯನಿಗೆ ಕೃತಿಕಾರನ ಸ್ಥಾನ ದೊರೆತು, ಹಗ್ಗ ಹಿಡಿದವನು ಹೆಸರಿಲ್ಲದೆ ಉಳಿದನು.

ಹೆಸರಿಲ್ಲದ ಈ ಜನರ ಗುರುತು ಉಳಿದಿರುವುದು ಪದಗಳಲ್ಲಿ. ಕಡಿವಾಣ, ಚಮ್ಮಟಿಗೆ, ಅಂಕವಣಿ, ಪಲ್ಲಣ ಎಂಬ ಹಳೆಯ ಪದಗಳ ಪಕ್ಕದಲ್ಲಿ ಲಗಾಮು, ಚಾಬೂಕು, ರಿಕಾಪು, ಜೀನು ಎಂಬ ಪದಗಳು ಪಾರಸಿಯ ಮೂಲಕ ಬಂದು ಕುಳಿತಿವೆ. ಎಡೆದೊರೆಯಂಥ ಗಡಿನಾಡಿನಲ್ಲಿ ಎರಡು ಸೈನ್ಯಗಳು ಶತ್ರುಗಳಾಗಿ ಎದುರಾದರೂ ಲಾಯದ ಭಾಷೆ ಎರಡೂ ಕಡೆಯಿಂದ ಕೂಡಿಬಂದಿತೆಂಬುದಕ್ಕೆ ಈ ಪದಜೋಡಿಗಳೇ ಸಾಕ್ಷಿ. ಆದಕಾರಣ ಅಶ್ವಶಾಸ್ತ್ರದ ಓಲೆಗಳನ್ನು ಸಂಪಾದಿಸುವವರು ಇಂಥ ವೃತ್ತಿಪದಗಳನ್ನು ಲಿಪಿಕಾರನ ಅಪಭ್ರಂಶವೆಂದು ತಿದ್ದಿಬಿಡದೆ, ಪಾಠಾಂತರಗಳೊಡನೆ ಯಥಾವತ್ತಾಗಿ ಉಳಿಸಿ, ಅವುಗಳ ಪ್ರತ್ಯೇಕ ಅಕಾರಾದಿಯನ್ನು ಸಿದ್ಧಪಡಿಸುವುದು ಅವಶ್ಯಕ. ಒಂದು ಪದವನ್ನು ತಿದ್ದಿ ಅಳಿಸಿದರೆ, ಗ್ರಂಥ ಬರೆಯದ ಒಬ್ಬ ಶಿಕ್ಷಕನ ಕೊನೆಯ ಗುರುತೂ ಅದರೊಡನೆ ಅಳಿದುಹೋಗುತ್ತದೆ.