ಚಿನ್ನದ ಗಣಿಯಿಂದ ಮೀನಿನ ತೊಟ್ಟಿಗೆ: ಒಂದು ಸ್ವಿಚ್‌ಬೋರ್ಡಿನ ಹಿಂದಿನ ಕಥೆ

ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ಎರಡಡಿ ಉದ್ದದ ಮೀನಿನ ತೊಟ್ಟಿ ಇದೆ. ಹೀಟರ್, ಫಿಲ್ಟರ್, ಏರ್ ಪಂಪ್, ಲೈಟು ನಾಲ್ಕನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ನೆಲದ ಮೇಲೆ ಬಿಟ್ಟಿದ್ದೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ ನೀರಿಗೆ ಕೈ ಹಾಕಿದೆ, ಜುಮ್ ಅಂತು. ಹೀಟರಿನ ಗಾಜು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪಕ್ಕದಲ್ಲೇ ಐದು ವರ್ಷದ ಮಗಳು ಮೀನಿಗೆ ತಿಂಡಿ ಹಾಕೋಕೆ ಸ್ಟೂಲ್ ಎಳ್ಕೊಂಡು ಬರ್ತಿದ್ದಳು.

ಆದರೂ ಎಂಸಿಬಿ ಬಿದ್ದಿರಲಿಲ್ಲ. ಯಾಕೆ? 6 ಆಂಪಿಯರ್ ಅಂದರೆ 6000 ಮಿಲಿಆಂಪಿಯರ್. ಜೀವ ಹೋಗೋಕೆ ಅದರ ನೂರರಲ್ಲೊಂದು ಭಾಗ ಸಾಕಾಗಬಹುದು. ಎಂಸಿಬಿ ಕಾಯೋದು ವೈರನ್ನು, ನಮ್ಮನ್ನಲ್ಲ.

ನಮ್ಮನ್ನು ಕಾಯೋ ಸಾಧನದ ಚರಿತ್ರೆ ಹುಡುಕ್ತಾ ಹೋದರೆ ಚಿನ್ನದ ಗಣಿ ಸಿಗುತ್ತೆ. ಕನ್ನಡ ನಾಡಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದೂ ಚಿನ್ನಕ್ಕಾಗಿಯೇ ಅನ್ನೋದು ನೆನಪಿರಲಿ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಐವತ್ತು ವರ್ಷ ಕಳೆದ ಮೇಲೆ, 1955ರಲ್ಲಿ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಹೆನ್ರಿ ರೂಬಿನ್ 250 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿಯುವ ಸಾಧನ ಮಾಡಿದರು. ಆಮೇಲೆ ಅದು ಇನ್ನೂ ಸೂಕ್ಷ್ಮವಾಗಿ ಮನೆಗಳಿಗೂ ಬಂತು.

ಅತ್ತ ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್, ತಾವಾಗಿ ಮುಂದೆ ಬಂದವರ ಕೈಗೆ ಕರೆಂಟು ಹಾಯಿಸಿ ಅಳತೆ ಮಾಡಿದರು. ಸುಮಾರು 16 ಮಿಲಿಆಂಪಿಯರ್ ದಾಟಿದರೆ ಸಾಮಾನ್ಯ ಗಂಡಸಿಗೆ ಹಿಡಿದ ತಂತಿ ಬಿಡೋಕೇ ಆಗಲ್ಲ. ಹೆಂಗಸರಿಗೆ ಇನ್ನೂ ಕಮ್ಮಿ. 1961ರಲ್ಲಿ ಅವರು 5 ಮಿಲಿಆಂಪಿಯರಿಗೇ ಕಡಿಯುವ ಸಾಧನ ರೂಪಿಸಿದರು.

ನಮ್ಮಲ್ಲಿ ಸಿಗೋ ಆರ್‌ಸಿಸಿಬಿ ಇದೇ ವಂಶದ್ದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರಬೇಕು. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಮ್ಮಿ ಬಂದರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಕಣ್ಣು ಮಿಟುಕಿಸೋದರೊಳಗೆ ಕಡಿಯುತ್ತೆ.

ಎಲೆಕ್ಟ್ರಿಷಿಯನ್ ಜೊತೆ ಕೂತು ಹೊಸ ಬೋರ್ಡ್ ಮಾಡಿದೆ. ಮೊದಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅದರ ಹಿಂದೆ 6 ಆಂಪಿಯರ್ ಎಂಸಿಬಿ, ಆಮೇಲೆ ನಾಲ್ಕು ಮೂರು-ಪಿನ್ ಸಾಕೆಟ್, ಒಂದೊಂದಕ್ಕೂ ಸ್ವಿಚ್. ಗೋಡೆಯ ಸಾಕೆಟ್ ಬಿಚ್ಚಿದರೆ ಅರ್ತ್ ತೂತಿಗೆ ವೈರೇ ಇರಲಿಲ್ಲ! ಅದನ್ನೂ ಎಳೆಸಿದೆ. ಬೋರ್ಡು ಈಗ ತೊಟ್ಟಿಯ ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲಿದೆ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗುತ್ತೆ, ಜಾರಿ ಬಂದ ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಇಷ್ಟಾದರೂ ನೀರಿಗೆ ಕೈ ಹಾಕೋ ಮುಂಚೆ ಎಲ್ಲ ಪ್ಲಗ್ ಕಿತ್ತೇ ಕೀಳ್ತೀನಿ. ಸಂಬಳ ಬಂದ ದಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತೋದು ಮಗಳ ಕೆಲಸ. ಟಕ್ ಅಂದರೆ ಖುಷಿ ಅವಳಿಗೆ, ಸಮಾಧಾನ ನನಗೆ. ನಿಮ್ಮ ಬಾಡಿಗೆ ಮನೆಯ ಮೀಟರ್ ಬೋರ್ಡಿನಲ್ಲಿ ಆ ಬಟನ್ ಇದೆಯಾ, ಇವತ್ತೇ ಎದ್ದು ನೋಡಿ. ಮುಂದಿನ ವಾರ ಸಿಗೋಣ.