ವಿದ್ಯಾರ್ಥಿಯ ಪ್ರಬಂಧವೂ ವಿದ್ಯಾರ್ಥಿಯ ಬಾಳೂ

ಭಾರತದ ಆಧುನಿಕ ವಿಶ್ವವಿದ್ಯಾನಿಲಯಗಳು ಮೊದಲು ಕಣ್ತೆರೆದದ್ದು ಪರೀಕ್ಷಾಮಂಡಲಿಗಳಾಗಿ. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ನಗರಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾನಿಲಯಗಳೂ ಅಂದಿನ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನು ಅನುಸರಿಸಿದುವು. ಪಾಠ ಹೇಳುವ ಹೊಣೆ ಕಾಲೇಜುಗಳದು; ಪರೀಕ್ಷೆ ನಡೆಸಿ ಪದವಿಯನ್ನು ದಯಪಾಲಿಸುವ ಅಧಿಕಾರ ವಿಶ್ವವಿದ್ಯಾನಿಲಯದ್ದು. ಹೊಸ ಜ್ಞಾನವನ್ನು ಉತ್ಪಾದಿಸುವ ಹೊಣೆ ಇವೆರಡರಲ್ಲಿ ಯಾರದೂ ಆಗಿರಲಿಲ್ಲ. ೧೯೦೪ರ ಶಾಸನವು ವಿಶ್ವವಿದ್ಯಾನಿಲಯಗಳು ತಾವೇ ಬೋಧನೆ ಕೈಕೊಳ್ಳಲು ದಾರಿಮಾಡಿತು. ಆಶುತೋಷ ಮುಖರ್ಜಿಯವರ ಮುಂದಾಳುತನದಲ್ಲಿ ೧೯೧೭ರಲ್ಲಿ ಕಲ್ಕತ್ತೆಯ ಸ್ನಾತಕೋತ್ತರ ವಿಭಾಗಗಳು ವ್ಯವಸ್ಥಿತರೂಪವನ್ನು ತಾಳಿದುವು. ದೇಶೀಯ ಸಂಸ್ಥಾನವೊಂದರ ಪ್ರಥಮ ವಿಶ್ವವಿದ್ಯಾನಿಲಯವಾಗಿ ಮೈಸೂರು ವಿಶ್ವವಿದ್ಯಾನಿಲಯವು ಜನ್ಮತಾಳಿದ್ದು ೧೯೧೬ನೆಯ ಜುಲೈ ೨೭ರಂದು.

ಇಂಥ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯಾದವನು ಸಂಶೋಧನೆ ನಡೆಸಬಲ್ಲನೆಂಬ ಭಾವನೆ ಹೇಗೆ ಬೇರೂರಿತು? ಅವನು ತನ್ನ ಬಾಳಿನಿಂದ ತರುವ ಅನುಭವಕ್ಕೂ ಅವನು ಬರೆಯುವ ಪ್ರಬಂಧಕ್ಕೂ ಇರುವ ಸಂಬಂಧವೇನು? ಈ ಎರಡು ಪ್ರಶ್ನೆಗಳನ್ನು ನಾಲ್ವರು ವಿದ್ಯಾರ್ಥಿಗಳ ನಿದರ್ಶನದ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ನಾಲ್ವರೂ ಮುಂದೆ ಕೀರ್ತಿವಂತರಾದರು. ಆದರೆ ಇಲ್ಲಿ ಅವರನ್ನು ನೋಡಬೇಕಾದದ್ದು ಕೀರ್ತಿ ಬರುವುದಕ್ಕೆ ಮುಂಚಿನ ಸ್ಥಿತಿಯಲ್ಲಿ.

ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು. ೧೯೦೬ನೆಯ ನವೆಂಬರಿನಲ್ಲಿ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಎಂಬ ನಿಯತಕಾಲಿಕದಲ್ಲಿ ಬೆಳಕಿನ ವಿವರ್ತನೆಯನ್ನು ಕುರಿತ ಲೇಖನವೊಂದು ಪ್ರಕಟವಾಯಿತು. ಆಯಾಕಾರದ ಕಿಂಡಿಯೊಂದರ ಮೂಲಕ ಬೆಳಕು ಓರೆಯಾಗಿ ಹಾದುಬಂದಾಗ ಮೂಡುವ ಪಟ್ಟಿಗಳು ಎರಡು ಪಕ್ಕಗಳಲ್ಲಿ ಸಮನಾಗಿರುವುದಿಲ್ಲವೆಂಬುದು ಅದರ ವಿಷಯ. ಲೇಖಕರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ.ಎ. ವಿದ್ಯಾರ್ಥಿ ಚಂದ್ರಶೇಖರ ವೆಂಕಟರಾಮನ್, ವಯಸ್ಸು ಹದಿನೆಂಟು. ಆ ಕಾಲೇಜು ಸಂಶೋಧನ ಸಂಸ್ಥೆಯಾಗಿರಲಿಲ್ಲ. ತರಗತಿಯ ಪ್ರಯೋಗಕ್ಕಾಗಿ ಇರಿಸಿದ್ದ ಉಪಕರಣದಲ್ಲಿಯೇ ಅವರು ಪಠ್ಯದಲ್ಲಿಲ್ಲದ ಒಂದು ಸಂಗತಿಯನ್ನು ಕಂಡರು. ಕಂಡದ್ದನ್ನು ಬಿಡದೆ ಅಳೆದರು. ಪ್ರಾಧ್ಯಾಪಕ ಜೋನ್ಸರು ಅವರನ್ನು ಅವರ ಪಾಡಿಗೆ ಪ್ರಯೋಗಶಾಲೆಯಲ್ಲಿ ಬಿಟ್ಟರು. ಮಾರ್ಗದರ್ಶನಕ್ಕಿಂತಲೂ ಈ ‘ಬಿಟ್ಟುಕೊಡುವಿಕೆ’ಯೇ ಇಲ್ಲಿ ಉಪಕಾರಕವಾಯಿತೆನ್ನಬೇಕು. ಸಂಶೋಧನೆಯನ್ನೇ ವೃತ್ತಿಯನ್ನಾಗಿ ಕೈಕೊಳ್ಳುವ ಅವಕಾಶ ಅಂದು ವಿರಳವಾಗಿದ್ದುದರಿಂದ ರಾಮನ್ನರು ೧೯೦೭ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಚೇರಿಯ ವೇಳೆಯ ಆಚೆಗೆ ಕಲ್ಕತ್ತೆಯ ವಿಜ್ಞಾನಸಂಘದಲ್ಲಿ ಪ್ರಯೋಗ ಮುಂದುವರಿಸಿದರು. ೧೯೧೭ರಲ್ಲಿ ಪ್ರಾಧ್ಯಾಪಕ ಪೀಠಕ್ಕೆ ಬಂದರು. ೧೯೩೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಎರಡನೆಯದು ಸಮಾಜಶಾಸ್ತ್ರಕ್ಕೆ ಸೇರಿದ್ದು. ೧೯೧೬ನೆಯ ಮೇ ೯ರಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಡಾ. ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಗೋಷ್ಠಿಯ ಮುಂದೆ ಇಪ್ಪತ್ತೈದು ವಯಸ್ಸಿನ ಭಾರತೀಯ ವಿದ್ಯಾರ್ಥಿಯೊಬ್ಬರು ಭಾರತದ ಜಾತಿಗಳ ಸ್ವರೂಪ, ಉತ್ಪತ್ತಿ, ಬೆಳವಣಿಗೆಗಳನ್ನು ಕುರಿತು ಪ್ರಬಂಧವನ್ನು ಓದಿದರು. ಅವರೇ ಭೀಮರಾವ್ ಅಂಬೇಡ್ಕರ್. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ನೆರವಿನಿಂದ ೧೯೧೩ರಲ್ಲಿ ಅವರು ಅಲ್ಲಿಗೆ ತೆರಳಿದ್ದರು. ಜಾತಿಯ ಜೀವಾಳವು ಒಳವಿವಾಹದಲ್ಲಿದೆಯೆಂದೂ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಆ ಕಟ್ಟನ್ನು ಕಾಯುವ ಸಾಧನಗಳಾಗಿ ಬೆಳೆದುವೆಂದೂ, ಮೇಲಿನವರ ಅನುಕರಣದಿಂದ ಈ ಪದ್ಧತಿ ಉಳಿದ ವರ್ಗಗಳಿಗೆ ಹರಡಿತೆಂದೂ ಅವರು ಪ್ರತಿಪಾದಿಸಿದರು. ೧೯೧೭ರ ಮೇ ತಿಂಗಳಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ ಇದನ್ನು ಪ್ರಕಟಿಸಿತು.

ಪ್ರಬಂಧದಲ್ಲಿ ಗಮನಾರ್ಹವಾದ ಮೌನವೊಂದುಂಟು. ಅಸ್ಪೃಶ್ಯತೆಯ ಬೇಗೆಯನ್ನು ಬಾಲ್ಯದಿಂದಲೇ ಉಂಡವರು ಆ ಉರಿಯನ್ನು ಅಲ್ಲಿ ಸಾಕ್ಷ್ಯವಾಗಿ ಒಡ್ಡಲಿಲ್ಲ. ಪೂರ್ವಸೂರಿಗಳ ವ್ಯಾಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ತರ್ಕದಿಂದಲೇ ತಮ್ಮ ನಿರ್ಣಯಕ್ಕೆ ಬಂದರು. ೧೯೧೭ರಲ್ಲಿ ಬಡೋದೆಯ ಸೇವೆಗೆ ಹಿಂದಿರುಗಿದಾಗ ಆ ಊರಿನಲ್ಲಿ ಅವರಿಗೆ ತಂಗಲು ಮನೆ ದೊರೆಯಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಹೆಸರು ಮರೆಸಿಕೊಂಡು ಕೆಲವು ದಿನ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದುಬಂದ ಗುಂಪು ಅವರನ್ನು ಅಲ್ಲಿಂದ ಹೊರಡಿಸಿತು. ಈ ಸಂಗತಿ ಅವರ ಶಾಸ್ತ್ರಗ್ರಂಥದಲ್ಲಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಬರಹದಲ್ಲಿದೆ. ಶಾಸ್ತ್ರ ಒಂದೆಡೆ, ಅನುಭವ ಮತ್ತೊಂದೆಡೆ. ಎರಡನ್ನೂ ಬರೆದ ಕೈ ಒಂದೇ. ಕೇಳುವವನ ಕನಿಕರವನ್ನು ಬೇಡದೆ ಅವನ ವಿಚಾರಶಕ್ತಿಯನ್ನೇ ಎದುರಿಸಬೇಕೆಂಬ ಹಟವನ್ನು ಈ ಬೇರ್ಪಡಿಕೆಯಲ್ಲಿ ಕಾಣಬಹುದು. ವಿಷಯವನ್ನು ಆರಿಸಿದ್ದು ಬಾಳು. ಅದನ್ನು ಸಾಧಿಸಿದ್ದು ಶಾಸ್ತ್ರ.

ಮೂರನೆಯ ನಿದರ್ಶನವು ನಮ್ಮನ್ನು ಬೆಂಗಳೂರಿಗೆ ಕರೆತರುತ್ತದೆ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ ಕಮಲಾ ಭಾಗವತ್ ಅವರು ಭಾರತೀಯ ವಿಜ್ಞಾನಮಂದಿರದಲ್ಲಿ ಪ್ರವೇಶವನ್ನು ಕೋರಿದರು. ವಿವಾಹಾನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಇವರೇ. ಯೋಗ್ಯತೆಯಲ್ಲಿ ಕೊರತೆಯಿರಲಿಲ್ಲ, ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ತಿರಸ್ಕರಿಸಿದವರು ಅದೇ ವರ್ಷ ಆ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದ ರಾಮನ್. ಹದಿನೆಂಟನೆಯ ವಯಸ್ಸಿನಲ್ಲಿ ತಮಗೆ ತೆರೆದಿದ್ದ ಪ್ರಯೋಗಶಾಲೆಯ ಬಾಗಿಲನ್ನು ಮತ್ತೊಬ್ಬ ವಿದ್ಯಾರ್ಥಿನಿಗೆ ಅವರು ತೆರೆಯಲೊಲ್ಲದೆ ಹೋದರು. ಕಮಲಾ ಹಿಮ್ಮೆಟ್ಟಲಿಲ್ಲ. ಅವರ ಪಟ್ಟಿನಿಂದಾಗಿ ಪ್ರವೇಶವೇನೋ ದೊರೆಯಿತು. ಆದರೆ ಮೊದಲ ವರ್ಷ ಪರೀಕ್ಷಾವಧಿಯೆಂದೂ, ನಿರ್ದೇಶಕರಿಗೆ ತೃಪ್ತಿಯಾದ ಮೇಲೆಯೇ ಆ ಕೆಲಸಕ್ಕೆ ಮನ್ನಣೆಯೆಂದೂ ಕಟ್ಟಳೆಗಳು ವಿಧಿಸಲ್ಪಟ್ಟುವು. ಶ್ರೀನಿವಾಸಯ್ಯನವರ ಶಿಕ್ಷಣದಲ್ಲಿ ಹಾಲು ಮತ್ತು ದ್ವಿದಳಧಾನ್ಯಗಳ ಪ್ರೋಟೀನುಗಳನ್ನು ಕುರಿತು ಅವರು ದುಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ನರಿಗೆ ಅವರ ಶ್ರದ್ಧೆಯ ವಿಷಯದಲ್ಲಿ ಸಂದೇಹ ಉಳಿಯಲಿಲ್ಲ. ಮುಂದೆ ಇತರ ವಿದ್ಯಾರ್ಥಿನಿಯರಿಗೂ ಅಲ್ಲಿ ಪ್ರವೇಶ ಸಿಕ್ಕಿತು.

ಅಲ್ಲಿಂದ ಕೇಂಬ್ರಿಜ್ಜಿಗೆ ತೆರಳಿದ ಕಮಲಾ ಸಸ್ಯದ ಜೀವಕೋಶಗಳ ಉಸಿರಾಟದಲ್ಲಿ ‘ಸೈಟೋಕ್ರೋಮ್ ಸಿ’ ಎಂಬ ವಸ್ತುವಿನ ಪಾತ್ರವನ್ನು ಶೋಧಿಸಿ ೧೯೩೯ರಲ್ಲಿ ಪಿಎಚ್.ಡಿ. ಪದವಿಯನ್ನು ಗಳಿಸಿದರು. ವಿಜ್ಞಾನವಿಷಯವೊಂದರಲ್ಲಿ ಆ ಪದವಿಯನ್ನು ಪಡೆದ ಪ್ರಥಮ ಭಾರತೀಯ ಮಹಿಳೆಯೆಂದು ಅವರನ್ನು ಗಣಿಸಲಾಗಿದೆ. ಬೆಂಗಳೂರಿನಲ್ಲಿ ತಾವು ಪಟ್ಟ ಅವಮಾನವನ್ನು ಅವರು ಮರೆಯಲಿಲ್ಲ. ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ವಿಜ್ಞಾನಿ ಮಹಿಳೆಯರ ಸಭೆಯಲ್ಲಿ ಅದನ್ನು ಬಹಿರಂಗವಾಗಿ ಸ್ಮರಿಸಿದರು. ಜೀವರಸಾಯನದ ಪ್ರಬಂಧದಲ್ಲಿ ಇಂಥ ಅನುಭವಕ್ಕೆ ಎಡೆಯಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಆ ಸ್ಮರಣೆ ದಾಖಲೆಗೆ ಬಾರದೆ ಹೋಗಿದ್ದರೆ, ಇತಿಹಾಸಕಾರನಿಗೆ ಪ್ರವೇಶಪಟ್ಟಿಯಲ್ಲಿ ಹೆಸರೊಂದು ಕಾಣುತ್ತಿತ್ತೇ ಹೊರತು ಬಾಗಿಲಿನ ಮುಂದಿನ ಹೋರಾಟ ಕಾಣುತ್ತಿರಲಿಲ್ಲ.

ನಾಲ್ಕನೆಯವರು ಮೈಸೂರಿನವರೇ. ೧೯೧೬ರಲ್ಲಿ ಮೈಸೂರಿನಲ್ಲಿ ಜನಿಸಿ, ಅಲ್ಲಿಯ ವಿಶ್ವವಿದ್ಯಾನಿಲಯದ ಪದವೀಧರರಾದ ಎಂ. ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಅವರ ಎಂ.ಎ. ಪ್ರಬಂಧವು ೧೯೪೨ರಲ್ಲಿ ಪುಸ್ತಕವಾಯಿತು. ಕೊಡವರ ವಿಷಯವಾಗಿ ೧೯೪೪ರಲ್ಲಿ ಮುಂಬಯಿಯಲ್ಲಿ ಡಾಕ್ಟರೇಟ್ ಪಡೆದು, ಅದೇ ಸಾಮಗ್ರಿಯನ್ನು ಆಕ್ಸ್‌ಫರ್ಡಿನಲ್ಲಿ ಹೊಸ ದೃಷ್ಟಿಯಿಂದ ವಿವೇಚಿಸಿ ೧೯೪೭ರಲ್ಲಿ ಮತ್ತೊಂದು ಡಾಕ್ಟರೇಟನ್ನು ಸಂಪಾದಿಸಿದರು. ೧೯೫೨ರಲ್ಲಿ ಗ್ರಂಥರೂಪದಲ್ಲಿ ಬಂದ ಆ ಅಧ್ಯಯನವೇ ‘ಸಂಸ್ಕೃತೀಕರಣ’ವೆಂಬ ಪರಿಕಲ್ಪನೆಯನ್ನು ಪ್ರಚಾರಕ್ಕೆ ತಂದಿತು. ಕೆಳಗಿನ ಜಾತಿ ಮೇಲಿನ ಜಾತಿಯ ಆಚಾರಗಳನ್ನು ಕೈಕೊಂಡು ಸ್ಥಾನದಲ್ಲಿ ಏರಲೆಳಸುವ ಕ್ರಮಕ್ಕೆ ಆ ಹೆಸರು. ಅಂಬೇಡ್ಕರರು ೧೯೧೬ರಲ್ಲಿ ಅನುಕರಣವೆಂದು ಸೂಚಿಸಿದ್ದನ್ನೂ ಇದನ್ನೂ ಜತೆಯಲ್ಲಿರಿಸಿ ಓದುವುದು ವಿದ್ಯಾರ್ಥಿಗಳಿಗೆ ಲಾಭಕರ: ಒಬ್ಬರು ಅದರಲ್ಲಿ ಬಂಧನವು ಹರಡುವ ಬಗೆಯನ್ನು ಕಂಡರೆ, ಇನ್ನೊಬ್ಬರು ಚಲನೆಗೆ ಇರುವ ಅವಕಾಶವನ್ನು ಕಂಡರು.

೧೯೪೮ರಲ್ಲಿ ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ ಕ್ಷೇತ್ರಕಾರ್ಯ ನಡೆಸಿದರು. ಅದಕ್ಕೆ ಅವರು ಬರಹದಲ್ಲಿ ಕೊಟ್ಟ ಹೆಸರು ರಾಂಪುರ. ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ, ಗ್ರಂಥವನ್ನು ಬರೆಯಲೆಂದು ಅಮೆರಿಕದ ಸ್ಟಾನ್‌ಫರ್ಡಿಗೆ ಒಯ್ದಿದ್ದಾಗ, ೧೯೭೦ನೆಯ ಏಪ್ರಿಲ್ ೨೪ರಂದು ಅಲ್ಲಿಯ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟರು. ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದುವು. ಮೂಲ ದಿನಚರಿಗಳು ಭಾರತದಲ್ಲಿ ಉಳಿದಿದ್ದರೂ, ಶ್ರೀನಿವಾಸರು ನೆನಪನ್ನೇ ಮುಖ್ಯ ಆಧಾರವಾಗಿ ಮಾಡಿಕೊಂಡು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ ೧೯೭೬ರಲ್ಲಿ ಹೊರಬಂದಿತು. ತಾವು ಹಳ್ಳಿಯಲ್ಲಿ ಎಲ್ಲಿ ವಾಸವಾಗಿದ್ದರು, ಯಾರ ಒಡನಾಟದಲ್ಲಿದ್ದರು, ಮೇಲುಜಾತಿಯವರ ನಡುವೆ ಇದ್ದುದರಿಂದ ಯಾವುದು ತಮ್ಮ ಕಣ್ಣಿಗೆ ಸಾಕಷ್ಟು ಬೀಳದೆ ಹೋಯಿತು ಎಂಬುದನ್ನೂ ಅವರು ಆ ಗ್ರಂಥದಲ್ಲಿ ಮುಚ್ಚಿಡಲಿಲ್ಲ. ಅಂಬೇಡ್ಕರರು ಎರಡು ಬರಹಗಳಾಗಿ ಬೇರ್ಪಡಿಸಿದ್ದನ್ನು ಇಲ್ಲಿ ಒಂದೇ ಗ್ರಂಥವು ಒಳಕೊಂಡಿತು.

ಈ ನಾಲ್ಕು ನಿದರ್ಶನಗಳಿಂದ ಹೊರಡುವ ತೀರ್ಮಾನವೇನು? ಸಂಶೋಧಕನ ವ್ಯಕ್ತಿತ್ವವು ಪ್ರಬಂಧದಲ್ಲಿ ತಲೆಹಾಕಿದರೆ ಶಾಸ್ತ್ರದ ನೈರ್ಮಲ್ಯ ಕೆಡುತ್ತದೆಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯಾಂಶವೂ ಇದೆ. ಬೆಳಕಿನ ಪಟ್ಟಿಗಳ ಅಗಲವು ಅಳೆದವನ ಕುಲಗೋತ್ರವನ್ನು ಅವಲಂಬಿಸಿಲ್ಲ. ಆದರೆ ಅಳೆಯುವ ಉಪಕರಣ ಯಾರ ಕೈಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಸಮಾಜವನ್ನೇ ಅವಲಂಬಿಸಿದೆ. ಸಮಾಜವನ್ನೇ ವಿಷಯವಾಗಿ ಉಳ್ಳ ಶಾಸ್ತ್ರಗಳಲ್ಲಿ ನೋಡುವವನು ಎಲ್ಲಿ ನಿಂತಿದ್ದಾನೆಂಬುದೂ ಸಾಕ್ಷ್ಯದ ಭಾಗವೇ. ಆದುದರಿಂದ ಸ್ವಾನುಭವವು ಪ್ರಮಾಣದ ಸ್ಥಾನವನ್ನು ಆಕ್ರಮಿಸಲಾಗದು. ಪ್ರಶ್ನೆಯನ್ನು ಹುಟ್ಟಿಸುವ, ದೃಷ್ಟಿಯ ಎಲ್ಲೆಯನ್ನು ತಿಳಿಸುವ ಕೆಲಸ ಮಾತ್ರ ಅದಕ್ಕೆ ಸಲ್ಲುತ್ತದೆ.

ಇದರಿಂದ ಅಧ್ಯಾಪಕವರ್ಗಕ್ಕೂ ವಿದ್ಯಾರ್ಥಿವರ್ಗಕ್ಕೂ ಒಂದೊಂದು ಕರ್ತವ್ಯ ಒದಗುತ್ತದೆ. ಪ್ರಬಂಧಕ್ಕೆ ವಿಷಯವನ್ನು ಸೂಚಿಸುವ ಅಧ್ಯಾಪಕರು ಮೊದಲು ವಿದ್ಯಾರ್ಥಿಯನ್ನು ಕಾಡುತ್ತಿರುವ ಪ್ರಶ್ನೆಯನ್ನು ವಿಚಾರಿಸಬೇಕು. ರೈತನ ಮನೆಯಿಂದಲೋ ನೇಕಾರನ ಕೇರಿಯಿಂದಲೋ ಬಂದವನಿಗೆ ಗೊತ್ತಿರುವ ಸಂಗತಿಗಳು ಗ್ರಂಥಾಲಯದ ಸೂಚಿಯಲ್ಲಿ ಇಲ್ಲದೆ ಇರಬಹುದು. ವಿದ್ಯಾರ್ಥಿಯು ಪ್ರಬಂಧದ ಕರಡಿನೊಂದಿಗೆ ದಿನಚರಿಯೊಂದನ್ನೂ ಇರಿಸಿಕೊಳ್ಳಬೇಕು: ಯಾವ ಸಂದೇಹ ಎಂದು ಹುಟ್ಟಿತು, ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಎಂಬುದನ್ನು ಆಯಾ ದಿನವೇ ಬರೆದಿಡಬೇಕು. ಪ್ರಬಂಧವು ಪರೀಕ್ಷಕರಿಗೆ ಸಲ್ಲಲಿ. ದಿನಚರಿಯನ್ನು ವಿಭಾಗದ ಗ್ರಂಥಾಲಯ ಕಾಪಾಡಲಿ. ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಯು ಕಟ್ಟಡಗಳ, ಕುಲಪತಿಗಳ ಚರಿತ್ರೆಯಾಗಿ ಉಳಿಯದೆ ಕಲಿತವರ ಚರಿತ್ರೆಯಾಗಬೇಕಾದರೆ ಇಂಥ ಸಾಮಗ್ರಿ ಅತ್ಯವಶ್ಯ.