ಎರಡನೇ ಡಾಕ್ಟರೇಟ್ ಯಾಕೆ ಬೇಕಿತ್ತು?

1.
ಬ್ಯಾಂಕಿಂಗ್ ಪೇಪರ್‌ಗೆ ಓದುವಾಗ ‘ಹಿಲ್ಟನ್ ಯಂಗ್ ಆಯೋಗ’ ಅನ್ನೋ ಹೆಸರನ್ನ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ಆಯೋಗದ ಮುಂದೆ 1925ರ ಡಿಸೆಂಬರ್‌ನಲ್ಲಿ ರೂಪಾಯಿ ಬಗ್ಗೆ ಸಾಕ್ಷ್ಯ ಹೇಳಿದವರಲ್ಲಿ ಒಬ್ಬರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನದ ಅಂಬೇಡ್ಕರ್ ನಮಗೆಲ್ಲ ಗೊತ್ತು. ಅರ್ಥಶಾಸ್ತ್ರದಲ್ಲಿ ಎರಡು ಡಾಕ್ಟರೇಟ್ ಪಡೆದ ಅಂಬೇಡ್ಕರ್ ಮಾತ್ರ, ಕಾಮರ್ಸ್ ಓದೋ ನಮಗೇ ಅಷ್ಟಾಗಿ ಪರಿಚಯ ಇಲ್ಲ. ಒಂದು ನ್ಯೂಯಾರ್ಕ್‌ನ ಕೊಲಂಬಿಯಾದಿಂದ, ಇನ್ನೊಂದು ಲಂಡನ್ನಿಂದ. ಒಂದು ಸಾಲದೇ ಇತ್ತಾ? ಇವತ್ತು ಈ ಪ್ರಶ್ನೆ ಹಿಡ್ಕೊಂಡು ಹೋಗೋಣ.

2.
1913. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು 22 ವರ್ಷದ ಅಂಬೇಡ್ಕರ್ ಕೊಲಂಬಿಯಾಗೆ ಹೋದರು. ಅವಧಿ ಮೂರು ವರ್ಷ. 1915ರಲ್ಲಿ ಎಂಎ ಮುಗೀತು. ಆಮೇಲೆ ಪ್ರೊಫೆಸರ್ ಸೆಲಿಗ್ಮನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಕೆಲಸ. ವಿಷಯ ಸಾರ್ವಜನಿಕ ಹಣಕಾಸು: ಬ್ರಿಟಿಷ್ ಭಾರತದಲ್ಲಿ ತೆರಿಗೆ ಹಣ ಕೇಂದ್ರ ಮತ್ತು ಪ್ರಾಂತಗಳ ನಡುವೆ ಹೇಗೆ ಹಂಚಿಕೆ ಆಗುತ್ತೆ? 1916ರಲ್ಲಿ ಅಲ್ಲಿಂದ ನೇರ ಲಂಡನ್. ಅಲ್ಲಿ ಗ್ರೇಸ್ ಇನ್‌ನಲ್ಲಿ ಕಾನೂನು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ, ಎರಡಕ್ಕೂ ಸೇರಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗೀತು, 1917ರಲ್ಲಿ ವಾಪಸ್ ಬರಲೇಬೇಕಾಯ್ತು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಬಹುದು ಅಂತ ಅನುಮತಿ ಮಾತ್ರ ಕೈಲಿತ್ತು. ಅದು ಮೊದಲ ಮಹಾಯುದ್ಧದ ಕಾಲ. ಬೇರೆ ಹಡಗಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಹಡಗಿನ ಜೊತೆಗೇ ಸಮುದ್ರದ ಪಾಲಾದವು.

3.
ಒಪ್ಪಂದದ ಪ್ರಕಾರ ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದರು. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಊರಲ್ಲಿ ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ಕಾರಣ ಜಾತಿ. ಪಾರ್ಸಿ ಹೆಸರು ಹೇಳ್ಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಗುಂಪು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂತು. ಇದನ್ನ ಅವರೇ ಬರೆದಿಟ್ಟಿದ್ದಾರೆ. ಎಷ್ಟೋ ವರ್ಷ ಕಳೆದ ಮೇಲೂ ಆ ದಿನ ನೆನೆದರೆ ಕಣ್ಣೀರು ಬರುತ್ತೆ ಅಂತ ಹೇಳಿಕೊಂಡಿದ್ದಾರೆ.

ಒಂದು ಮಾತು ಗಮನಿಸಿ. ಡಿಗ್ರಿ ಬಂದರೆ ಮರ್ಯಾದೆ ತಾನಾಗೇ ಬರುತ್ತೆ ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ, ಬರೋಡಾದಲ್ಲಿ ಆ ಮಾತು ಸುಳ್ಳಾಯ್ತು. ಹಾಗಾದ್ರೆ ಇನ್ನೊಂದು ಡಿಗ್ರಿಗೆ ಒದ್ದಾಡಿದ್ದು ಬರೀ ಮರ್ಯಾದೆಗಾಗಿ ಇರಲಾರದು.

4.
1918ರಲ್ಲಿ ಬಾಂಬೆಯ ಸಿಡನ್‌ಹ್ಯಾಂ ಕಾಲೇಜಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಅದು ಕಾಮರ್ಸ್ ಕಾಲೇಜು! ಅಂದ್ರೆ ಅವರ ಮುಂದೆ ಬೆಂಚಲ್ಲಿ ಕೂತಿದ್ದವರು ನಮ್ಮಂಥ ಹುಡುಗರೇ. ಅಲ್ಲೂ ಸಹೋದ್ಯೋಗಿಗಳು ಕುಡಿಯುವ ನೀರಿನ ಪಾತ್ರೆ ಮುಟ್ಟಬಾರದು ಅಂತ ತಕರಾರು ತೆಗೆದರು. ಅವರು ಪಾಠ ಮಾಡಿದರು, ಸಂಬಳದಲ್ಲಿ ದುಡ್ಡು ಉಳಿಸಿದರು. ಪರೇಲಿನ ಚಾಳ್‌ನಲ್ಲಿ ಪತ್ನಿ ರಮಾಬಾಯಿ ಕೊಟ್ಟಷ್ಟರಲ್ಲಿ ಸಂಸಾರ ತೂಗಿಸಿದರು. ನಮ್ಮ ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. 1920ರ ಜುಲೈನಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಆಗ ವಯಸ್ಸು 29.

5.
ಈ ಸಲದ ವಿಷಯ ತೆರಿಗೆ ಅಲ್ಲ, ರೂಪಾಯಿ. ಎರಡೂ ಅಕ್ಕಪಕ್ಕದ ಹೊಲ ಇದ್ದ ಹಾಗೆ. ಮೊದಲ ಪ್ರಬಂಧ ‘ಸರ್ಕಾರದ ಹಣ ಯಾರ ಕೈಗೆ ಹೋಗುತ್ತೆ’ ಅಂತ ಕೇಳಿತ್ತು. ಎರಡನೆಯದು ‘ಆ ಹಣದ ಬೆಲೆಯನ್ನೇ ಯಾರು ತೀರ್ಮಾನಿಸ್ತಾರೆ’ ಅಂತ ಕೇಳ್ತು.

ಹಿನ್ನೆಲೆ ಹೀಗಿದೆ. ರೂಪಾಯಿ ಬೆಳ್ಳಿ ನಾಣ್ಯ. 1870ರ ದಶಕದಿಂದ ಬೆಳ್ಳಿ ಬೆಲೆ ಕುಸಿಯುತ್ತಾ ಬಂತು, ರೂಪಾಯಿಯೂ ಬಿತ್ತು. 1893ರಲ್ಲಿ ಸರ್ಕಾರ ಟಂಕಸಾಲೆಗಳನ್ನ ಜನರ ಬೆಳ್ಳಿಗೆ ಮುಚ್ಚಿತು. ಮುಂದೆ ರೂಪಾಯಿಗೆ 1 ಶಿಲಿಂಗ್ 4 ಪೆನ್ಸ್, ಅಂದ್ರೆ ಪೌಂಡ್‌ಗೆ 15 ರೂಪಾಯಿ ದರ ನಿಂತಿತು. ಒಳಗೆ ಬೆಳ್ಳಿ ನಾಣ್ಯ, ಹೊರಗಿನ ಪಾವತಿಗೆ ಪೌಂಡ್. ಇದೇ ಚಿನ್ನ ವಿನಿಮಯ ಪದ್ಧತಿ. ಕೇನ್ಸ್ 1913ರಲ್ಲಿ ಪುಸ್ತಕ ಬರೆದು ಇದನ್ನ ಹೊಗಳಿದ್ದರು. ಯುದ್ಧ ಬಂದು ಬೆಳ್ಳಿ ಬೆಲೆ ಏರಿದಾಗ ಎಲ್ಲ ತಲೆಕೆಳಗಾಯ್ತು. 1920ರಲ್ಲಿ ಸರ್ಕಾರ ರೂಪಾಯಿಯನ್ನ 2 ಶಿಲಿಂಗ್‌ಗೆ ನಿಲ್ಲಿಸಲು ಹೋಗಿ ಸೋತಿತು. ಅಂಬೇಡ್ಕರ್ ಲಂಡನ್ನಿಗೆ ಮರಳಿದ್ದು ಅದೇ ವರ್ಷ.

6.
ಅವರ ವಾದ ಸರಳವಾಗಿ ಹೇಳ್ತೀನಿ. ಹೊಸ ನಾಣ್ಯ ಎಷ್ಟು ಹೊರಡಿಸಬೇಕು ಅನ್ನೋದು ಸರ್ಕಾರದ ಇಷ್ಟಕ್ಕೆ ಬಿಟ್ಟಿದ್ದರೆ ಬೆಲೆಗಳು ಸ್ಥಿರವಾಗಿ ನಿಲ್ಲಲ್ಲ. ಆದ್ದರಿಂದ ರೂಪಾಯಿ ಟಂಕಿಸೋದನ್ನೇ ನಿಲ್ಲಿಸಿ, ಚಿನ್ನದ ನಾಣ್ಯ ಚಲಾವಣೆಗೆ ತನ್ನಿ ಅಂದರು. ರೂಪಾಯಿ ಬಿದ್ದರೆ ರಫ್ತು ಹೆಚ್ಚಿ ದೇಶಕ್ಕೆ ಲಾಭ ಅನ್ನೋರಿಗೆ ಅವರು ಕೊಟ್ಟ ಉತ್ತರ ಇನ್ನೂ ಮುಖ್ಯ. ಆ ಲಾಭ ಹೊರಗಿಂದ ಬಂದದ್ದಲ್ಲ, ದೇಶದೊಳಗೆ ಒಂದು ವರ್ಗ ಇನ್ನೊಂದು ವರ್ಗದಿಂದ ಕಿತ್ತುಕೊಂಡದ್ದು. ಬೆಲೆ ಬೇಗ ಏರುತ್ತೆ, ಕೂಲಿ ನಿಧಾನಕ್ಕೆ ಏರುತ್ತೆ. ನಡುವಿನ ವ್ಯತ್ಯಾಸ ಕೂಲಿಯವನ ಜೇಬಿಂದ ಹೋಗುತ್ತೆ.

ನಾಣ್ಯದ ಲೆಕ್ಕದಲ್ಲಿ ಕೂಲಿಯವನನ್ನ ಹುಡುಕಿದ್ದಕ್ಕೇ ನನಗೆ ಈ ಪುಸ್ತಕ ಇಷ್ಟ.

7.
1921ರಲ್ಲಿ ಎಂಎಸ್ಸಿ ಆಯ್ತು. 1922ರಲ್ಲಿ ಬ್ಯಾರಿಸ್ಟರ್ ಆದರು, ಅದೇ ವರ್ಷ ಡಿಎಸ್ಸಿಗೆ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಸಲ್ಲಿಸಿದರು. 1923ರ ಮಾರ್ಚ್‌ನಲ್ಲಿ ಪರೀಕ್ಷಕರು ತಿದ್ದಿ ಬರೆಯಿರಿ ಅಂದುಬಿಟ್ಟರು. ಕೈಲಿ ದುಡ್ಡಿಲ್ಲ, ಊರಿಗೆ ಬರಲೇಬೇಕಾಯ್ತು. ಬಾಂಬೆಯಲ್ಲಿ ಕೂತು ತಿದ್ದಿದರು. ತೀರ್ಮಾನಗಳನ್ನ ಮಾತ್ರ ಬದಲಿಸಲಿಲ್ಲ ಅಂತ ಜೀವನಚರಿತ್ರೆಕಾರ ಧನಂಜಯ ಕೀರ್ ಬರೆಯುತ್ತಾರೆ. ಆ ವರ್ಷದ ಕೊನೆಗೆ ಡಿಎಸ್ಸಿ ಬಂತು, ಪುಸ್ತಕವೂ ಬಂತು. ಮುನ್ನುಡಿ ಬರೆದ ಪ್ರೊಫೆಸರ್ ಎಡ್ವಿನ್ ಕ್ಯಾನನ್, ಹಲವು ಮಾತು ತಾವು ಒಪ್ಪಲ್ಲ ಅಂತ ಹೇಳಿಯೇ ಅದರ ಹೊಸತನವನ್ನ ಮೆಚ್ಚಿದರು. ಅರ್ಪಣೆ ತಂದೆ ತಾಯಿಯ ನೆನಪಿಗೆ.

ಇಲ್ಲೊಂದು ತಮಾಷೆ ಇದೆ. ಮೊದಲು ಬರೆದ ಕೊಲಂಬಿಯಾ ಪ್ರಬಂಧವನ್ನ ಅಚ್ಚು ಹಾಕಿಸಿ ಪ್ರತಿ ಸಲ್ಲಿಸಿದ ಮೇಲೇ ಪದವಿ. ಅದು ಪುಸ್ತಕವಾದದ್ದು 1925ರಲ್ಲಿ, ಪಿಎಚ್‌ಡಿ ಕೈಸೇರಿದ್ದು 1927ರಲ್ಲಿ. ಅಂದ್ರೆ ಎರಡನೇ ಡಾಕ್ಟರೇಟೇ ಮೊದಲು ಬಂತು!

8.
‘ಆ ಪುಸ್ತಕ ನೋಡ್ಕೊಂಡೇ ಆರ್‌ಬಿಐ ಕಟ್ಟಿದರು’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಅಷ್ಟು ನೇರ ಗೆರೆ ಎಳೆಯೋದು ಬೇಡ. ಆಯೋಗ ಕೇಂದ್ರ ಬ್ಯಾಂಕ್ ಬೇಕು ಅಂತ ಶಿಫಾರಸು ಮಾಡ್ತು, 1934ರಲ್ಲಿ ಕಾಯ್ದೆ, 1935ರ ಏಪ್ರಿಲ್ 1ಕ್ಕೆ ಆರ್‌ಬಿಐ ಶುರು. ಅದರ ಹಿಂದೆ ಹಲವರ ವಾದಗಳಿವೆ. ಉತ್ಪ್ರೇಕ್ಷೆ ಮಾಡದೇ ಹೇಳಿದರೂ ಅಂಬೇಡ್ಕರ್ ಕಥೆ ದೊಡ್ಡದೇ. ಎಂಟು ವರ್ಷ ಹಿಂದೆ ಬಾಡಿಗೆ ಕೋಣೆ ಸಿಗದಿದ್ದ ಮನುಷ್ಯ, ಸಾಮ್ರಾಜ್ಯದ ಆಯೋಗದ ಎದುರು ಕೂತು ನಿಮ್ಮ ನಾಣ್ಯದ ಲೆಕ್ಕ ಯಾಕೆ ತಪ್ಪು ಅಂತ ವಿವರಿಸಿದರು. ಎರಡನೇ ಡಾಕ್ಟರೇಟ್ ಯಾಕೆ ಬೇಕಿತ್ತು ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು.

ಇವತ್ತು ಮನೇಲಿ ಸಂಬಳ ಅಥವಾ ಕೂಲಿ ತರೋರನ್ನ ಒಂದು ಮಾತು ಕೇಳಿ: ಐದು ವರ್ಷದಲ್ಲಿ ದಿನಸಿ ರೇಟು ಎಷ್ಟು ಏರಿತು, ಕೈಗೆ ಬರೋ ದುಡ್ಡು ಎಷ್ಟು ಏರಿತು? ಉತ್ತರ ಕಾಮೆಂಟಲ್ಲಿ ಹಾಕಿ. ನಮ್ಮ ಮನೆಯ ಲೆಕ್ಕ ನಾನೂ ಹಾಕ್ತೀನಿ.

#ರೂಪಾಯಿಯ_ಕಥೆ #ಬಿಕಾಂ_ಬೆಂಚಿನಿಂದ